ಮಗು ಊರು ಬಿಡುವ ಮುಂಚೆ: ಮಕ್ಕಳ ಸಾಗಣೆ ಮತ್ತು ದುಡಿಮೆ ತಡೆಯಲು ಸಮಗ್ರ ಮಾರ್ಗದರ್ಶಿ

ಮಕ್ಕಳ ಸಾಗಣೆ ಅಂದ ಕೂಡಲೇ ತುಂಬಾ ಜನರಿಗೆ ನೆನಪಾಗುವುದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ 'ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು' ಅನ್ನುವ ಸಂದೇಶ. ಆ ಸುಳ್ಳು ಸಂದೇಶಗಳು ಜೀವ ತೆಗೆದಿವೆ. 2018ರ ಜುಲೈನಲ್ಲಿ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದ ಗೆಳೆಯರ ತಂಡವೊಂದನ್ನು ಕಳ್ಳರೆಂದು ತಿಳಿದು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪೊಂದು ಮುತ್ತಿಗೆ ಹಾಕಿತು. ಹೈದರಾಬಾದ್‌ನ ಯುವ ಎಂಜಿನಿಯರ್ ಒಬ್ಬರು ಅಲ್ಲೇ ಸತ್ತರು.

ನಿಜವಾಗಿ ಮಕ್ಕಳನ್ನು ಕರೆದೊಯ್ಯುವವರು ಹಾಗೆ ಕಾರಿನಲ್ಲಿ ಬಂದು ಎತ್ತಿಕೊಂಡು ಹೋಗುವುದು ಕಡಿಮೆ. ಅವರು ಮನೆಗೇ ಬರುತ್ತಾರೆ. ಜಗಲಿ ಮೇಲೆ ಕೂತು ಚಹಾ ಕುಡಿಯುತ್ತಾರೆ. ಮುಂಗಡ ಎಣಿಸಿ ಕೈಗಿಟ್ಟು ಹೋಗುತ್ತಾರೆ. ದೂರದ ನೆಂಟ, ಪಕ್ಕದೂರಿನ ಮೇಸ್ತ್ರಿ, ಕಳೆದ ವರ್ಷ ಇದೇ ಕೆಲಸಕ್ಕೆ ಹೋಗಿ ಬಂದ ಹುಡುಗ, ಮದುವೆ ದಲ್ಲಾಳಿ, ಹೀಗೆ ಮನೆಯವರಿಗೆ ಗೊತ್ತಿರುವ ಮುಖವೇ ಜಾಸ್ತಿ.

ಈ ಮಾರ್ಗದರ್ಶಿ ಶಿಕ್ಷಕರಿಗೆ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ, ಪಂಚಾಯಿತಿ ಸದಸ್ಯರಿಗೆ, ಸ್ತ್ರೀಶಕ್ತಿ ಸಂಘದವರಿಗೆ, ಪಕ್ಕದ ಮನೆಯವರಿಗೆ. ಇದರಲ್ಲಿ ಮೊದಲ ಹಂತಗಳು ಉದ್ದವಾಗಿವೆ. ಬೇಕೆಂದೇ ಹಾಗೆ ಬರೆದಿದ್ದೇನೆ. ಮಗು ಊರಲ್ಲಿರುವಾಗ ತಡೆಯಲು ಒಬ್ಬ ಟೀಚರ್, ಒಂದು ಮನೆಭೇಟಿ, ಒಂದು ಫೋನ್ ಕರೆ ಸಾಕಾಗಬಹುದು. ಊರು ಬಿಟ್ಟ ಮೇಲೆ ಎರಡು ಜಿಲ್ಲೆಯ ಪೊಲೀಸರು, ಕಾರ್ಮಿಕ ಇಲಾಖೆ, ಮಕ್ಕಳ ಕಲ್ಯಾಣ ಸಮಿತಿ, ಕೋರ್ಟು ಎಲ್ಲ ಬೇಕಾಗುತ್ತದೆ. ಅಷ್ಟಾದರೂ ಕಳೆದ ತಿಂಗಳುಗಳು ಮಗುವಿಗೆ ವಾಪಸ್ ಸಿಗುವುದಿಲ್ಲ.

ಹಂತ 1: ಕಾನೂನು ಗೆರೆ ಎಳೆದಿರುವುದು ಎಲ್ಲಿ?

ಎರಡು ವಯಸ್ಸು ನೆನಪಿಡಿ: 14 ಮತ್ತು 18. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 14 ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಹೋಟೆಲ್, ಗ್ಯಾರೇಜ್, ಹೊಲ, ಮನೆಗೆಲಸ, ಯಾವುದೂ ಇಲ್ಲ. 14ರಿಂದ 18ರ ನಡುವಿನವರನ್ನು ಗಣಿ, ಸ್ಫೋಟಕ ಮತ್ತು ಬೆಂಕಿ ಹತ್ತುವ ವಸ್ತುಗಳ ಕೆಲಸ, ಅಪಾಯಕಾರಿ ಎಂದು ಪಟ್ಟಿ ಮಾಡಿದ ಉದ್ಯಮಗಳಿಗೆ ಹಾಕುವಂತಿಲ್ಲ. ಉಳಿದ ಕೆಲಸಗಳಿಗೆ ಹಾಕಿದರೂ ದಿನಕ್ಕೆ ವಿರಾಮ ಸೇರಿ ಆರು ಗಂಟೆ ಮೀರಬಾರದು. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ದುಡಿಸಬಾರದು. ವಾರಕ್ಕೊಂದು ರಜೆ ಕೊಡಲೇಬೇಕು.

ಒಂದು ವಿನಾಯಿತಿ ಇದೆ. ಮಗು ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಸ್ವಂತ ಮನೆಯವರ ಕೆಲಸಕ್ಕೆ ಕೈ ಜೋಡಿಸಬಹುದು, ಅದು ಅಪಾಯದ ಕೆಲಸ ಆಗಿರಬಾರದು. ಈ ವಿನಾಯಿತಿಯನ್ನೇ ಮಾಲೀಕರು ಗುರಾಣಿ ಮಾಡಿಕೊಳ್ಳುತ್ತಾರೆ. 'ನಮ್ಮಣ್ಣನ ಮಗ ಸಾರ್, ಸುಮ್ನೆ ಕೂತಿದ್ದ' ಅನ್ನುತ್ತಾರೆ. ಶಾಲೆಯ ಹೊತ್ತಿನಲ್ಲಿ ಮಗು ಅಲ್ಲಿ ದುಡಿಯುತ್ತಿದ್ದರೆ ಅಣ್ಣನ ಮಗನಾದರೂ ತಪ್ಪೇ.

ಈ ಕಾಯ್ದೆಯಡಿ ಮಾಲೀಕರಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಇದರ ಜೊತೆಗೆ 2015ರ ಬಾಲನ್ಯಾಯ ಕಾಯ್ದೆಯ 79ನೇ ಸೆಕ್ಷನ್ ಇದೆ. 18 ತುಂಬದ ಯಾರನ್ನೇ ಆಗಲಿ ದುಡಿಮೆಗಾಗಿ ಕಟ್ಟಿಹಾಕಿಕೊಂಡರೆ, ಕೂಲಿ ಕೊಡದೆ ಇಟ್ಟುಕೊಂಡರೆ, ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿ ದಂಡ. ಸಿಗ್ನಲ್‌ನಲ್ಲಿ ಪೆನ್ನು, ಬಲೂನು ಮಾರಿಸುವುದೂ ಇದರಲ್ಲಿ ಸೇರುತ್ತದೆ.

ಸಾಗಣೆ ಇನ್ನೂ ದೊಡ್ಡ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಒಂದು ಮಗುವನ್ನು ಸಾಗಿಸಿದರೆ ಕನಿಷ್ಠ ಹತ್ತು ವರ್ಷ, ಒಂದಕ್ಕಿಂತ ಜಾಸ್ತಿ ಮಕ್ಕಳನ್ನು ಸಾಗಿಸಿದರೆ ಕನಿಷ್ಠ ಹದಿನಾಲ್ಕು ವರ್ಷ ಸಜೆ. ಜೀವಾವಧಿವರೆಗೂ ಹೋಗಬಹುದು. ಕೆಲಸಕ್ಕೆ ಒಪ್ಪಿಸಿದವನು, ವಾಹನದಲ್ಲಿ ಕರೆದೊಯ್ದವನು, ನಡುವೆ ಇರಿಸಿಕೊಂಡವನು, ಕೊನೆಗೆ ಬರಮಾಡಿಕೊಂಡವನು, ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. 'ಹುಡುಗಿಯೇ ಒಪ್ಪಿ ಬಂದಳು' ಅನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ ಅಂತ ಕಾನೂನೇ ಹೇಳಿದೆ. ಈ ಒಂದು ಸಾಲನ್ನು ಬಾಯಿಪಾಠ ಮಾಡಿಕೊಳ್ಳಿ. ಠಾಣೆಯಲ್ಲಿ ಬೇಕಾಗುತ್ತದೆ.

ಹಂತ 2: ನಿಮ್ಮ ಊರಿನ ಕ್ಯಾಲೆಂಡರ್ ಬರೆಯಿರಿ

ಮಕ್ಕಳು ವರ್ಷವಿಡೀ ಒಂದೇ ಪ್ರಮಾಣದಲ್ಲಿ ಕಾಣೆಯಾಗುವುದಿಲ್ಲ. ಪ್ರತಿ ಊರಿಗೂ ಒಂದು ಹಂಗಾಮು ಇರುತ್ತದೆ. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಗುಳೆ ಶುರು. ಇಟ್ಟಿಗೆ ಭಟ್ಟಿ, ಕಟ್ಟಡ ಕೆಲಸ, ಕಬ್ಬು ಕಡಿಯುವ ಗ್ಯಾಂಗ್ ಅಂತ ಸಂಸಾರ ಸಮೇತ ಹೊರಡುತ್ತಾರೆ. ಮಳೆಗಾಲದಲ್ಲಿ ಹತ್ತಿಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ, ಅಂದರೆ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಕೈಯಿಂದ ಹಚ್ಚುವ ಕೆಲಸ ಬರುತ್ತದೆ. ಗಿಡದ ಎತ್ತರಕ್ಕೆ ಸರಿಹೊಂದುವ ಮೈ, ಸಣ್ಣ ಬೆರಳು ಬೇಕು ಅಂತ ಮಕ್ಕಳನ್ನೇ ಕೇಳುತ್ತಾರೆ. ಆಮೇಲೆ ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು. ಬೆಳಗ್ಗೆ ಟಂಟಂನಲ್ಲಿ ಹಿಂಡಾಗಿ ಹೋಗಿ ಸಂಜೆ ಬರುವ ಮಕ್ಕಳು ಯಾರ ಕಣ್ಣಿಗೂ 'ಬಾಲಕಾರ್ಮಿಕ' ಅಂತ ಕಾಣುವುದೇ ಇಲ್ಲ, ಅಲ್ವಾ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್‌ನ 2025ರ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 13.8 ಕೋಟಿ ಮಕ್ಕಳು ದುಡಿಯುತ್ತಿದ್ದಾರೆ. ಅದರಲ್ಲಿ ಹತ್ತಿರ ಹತ್ತಿರ 61 ಪರ್ಸೆಂಟ್ ಹೊಲಗದ್ದೆಯಲ್ಲೇ.

ಒಂದು ಹಾಳೆ ತೆಗೆದುಕೊಳ್ಳಿ. ಹನ್ನೆರಡು ತಿಂಗಳು ಬರೆಯಿರಿ. ಯಾವ ತಿಂಗಳು ಯಾವ ಕೇರಿಯಿಂದ ಜನ ಎಲ್ಲಿಗೆ ಹೋಗುತ್ತಾರೆ, ಮೇಸ್ತ್ರಿ ಯಾರು, ವಾಹನ ಎಲ್ಲಿಂದ ಹೊರಡುತ್ತದೆ ಅಂತ ತುಂಬಿ. ಕೆಳಗೆ ಮನೆಗಳ ಪಟ್ಟಿ ಮಾಡಿ: ತಂದೆ ಅಥವಾ ತಾಯಿ ಇಲ್ಲದ ಮಕ್ಕಳು, ಮನೆಯಲ್ಲಿ ದೊಡ್ಡ ಕಾಯಿಲೆ ಇರುವವರು, ಇತ್ತೀಚೆಗೆ ಸಾಲ ಮಾಡಿ ಮದುವೆ ಅಥವಾ ಆಸ್ಪತ್ರೆ ಖರ್ಚು ನಿಭಾಯಿಸಿದವರು, ಶಾಲೆ ಬಿಟ್ಟ ಅಣ್ಣ ಅಕ್ಕ ಇರುವ ಮನೆ. ಈ ಪಟ್ಟಿ ಗೋಡೆಗೆ ಅಂಟಿಸುವುದಕ್ಕಲ್ಲ. ನಾಲ್ಕೈದು ನಂಬಿಕಸ್ತರ ನಡುವೆ ಮಾತ್ರ ಇರಲಿ. ಪಟ್ಟಿ ಹೊರಬಿದ್ದರೆ ಅದು ಏಜೆಂಟನಿಗೇ ಉಪಯೋಗ.

ಪಂಚಾಯಿತಿ ಮಟ್ಟದಲ್ಲಿ ಮಕ್ಕಳ ರಕ್ಷಣೆಗೆ ಸಮಿತಿ ಇರಬೇಕು. ಕಾಗದದಲ್ಲಿ ಇದ್ದೇ ಇರುತ್ತದೆ. ಪಿಡಿಒ ಹತ್ತಿರ ಹೋಗಿ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ಆಯಿತು ಅಂತ ಕೇಳಿ. ಕೇಳಿದರೆ ಸಾಕು, ಮುಂದಿನ ಸಭೆ ಬೇಗ ಆಗುತ್ತದೆ. ಹಂಗಾಮು ಶುರುವಾಗುವ ಮುಂಚೆ ಒಂದು ಸಭೆ ಆಗಲೇಬೇಕು. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯನ್ನು ಭಾಷಣ, ಬಿಸ್ಕತ್ತಿಗೆ ಮುಗಿಸಬೇಡಿ. 'ನಿಮ್ಮ ಕ್ಲಾಸಿನಿಂದ ಈ ವರ್ಷ ಯಾರು ಬರುತ್ತಿಲ್ಲ?' ಅಂತ ಒಂದೇ ಪ್ರಶ್ನೆ ಕೇಳಿ. ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ.

ಹಂತ 3: ಹಾಜರಿ ಪುಸ್ತಕವೇ ಮೊದಲ ಕಾವಲು

ನನ್ನ ಲೆಕ್ಕದಲ್ಲಿ ಇಡೀ ಕೆಲಸದ ಅರ್ಧ ಭಾಗ ಇಲ್ಲೇ ಇದೆ. ಒಂದು ಮಗು ಕೆಲಸಕ್ಕೆ ಹೋಗುವ ಮುಂಚೆ ಸಾಮಾನ್ಯವಾಗಿ ಶಾಲೆ ತಪ್ಪಿಸಲು ಶುರು ಮಾಡಿರುತ್ತದೆ. ಮೊದಲು ಸೋಮವಾರ ಬರುವುದಿಲ್ಲ. ಆಮೇಲೆ ಸಂತೆಯ ದಿನ. ಆಮೇಲೆ ವಾರಕ್ಕೆ ಎರಡು ದಿನ ಮಾತ್ರ ಬರುತ್ತದೆ. ಹಾಜರಿಯಲ್ಲಿ ಈ ಗುರುತು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ.

ಮೂರು ದಿನದ ನಿಯಮ ಇಟ್ಟುಕೊಳ್ಳಿ. ಕಾರಣ ತಿಳಿಸದೆ ಮಗು ಸತತ ಮೂರು ದಿನ ಬರಲಿಲ್ಲ ಅಂದರೆ ಮೂರನೇ ದಿನ ಸಂಜೆ ಮನೆಗೆ ಹೋಗಿ. ಟೀಚರಿಗೆ ಆಗದಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೊಬ್ಬರು ಹೋಗಲಿ. ಹೋದ ಕೂಡಲೇ 'ಯಾಕೆ ಕಳಿಸಿಲ್ಲ?' ಅಂತ ಗದರಬೇಡಿ. ಮಗು ಎಲ್ಲಿದೆ, ಹುಷಾರಿದೆಯಾ ಅಂತ ಕೇಳಿ. ಮಗುವನ್ನು ಕಣ್ಣಾರೆ ನೋಡಿ. 'ಅಜ್ಜಿ ಮನೆಗೆ ಹೋಗಿದಾನೆ' ಅಂದರೆ ಯಾವ ಊರು, ಯಾವಾಗ ಬರುತ್ತಾನೆ, ಫೋನ್ ಮಾಡಿ ಮಾತಾಡಿಸಬಹುದಾ ಅಂತ ಕೇಳಿ. ನಿಜವಾಗಿ ಅಜ್ಜಿ ಮನೆಯಲ್ಲಿದ್ದರೆ ಫೋನ್ ಹಚ್ಚಿ ಕೊಡುತ್ತಾರೆ. ತಡವರಿಸಿದರೆ ನಿಮಗೆ ಅರ್ಥವಾಗುತ್ತದೆ.

ಮೂರು ತಿರುವುಗಳಲ್ಲಿ ಎಚ್ಚರ ಜಾಸ್ತಿ ಬೇಕು. ಊರಿನ ಶಾಲೆ ಏಳನೇ ಅಥವಾ ಎಂಟನೇ ಕ್ಲಾಸಿಗೆ ಮುಗಿದು ಹೈಸ್ಕೂಲು ಬೇರೆ ಊರಲ್ಲಿರುವಾಗ ಹೆಣ್ಣುಮಕ್ಕಳು ಅಲ್ಲೇ ನಿಲ್ಲುತ್ತಾರೆ. ಎಸ್‌ಎಸ್‌ಎಲ್‌ಸಿ ಫೇಲಾದ ಮಕ್ಕಳನ್ನು ಫಲಿತಾಂಶ ಬಂದ ವಾರದಲ್ಲೇ ಏಜೆಂಟರು ಹುಡುಕಿಕೊಂಡು ಬರುತ್ತಾರೆ. ಮೂರನೆಯದು ದಸರಾ ರಜೆ ಮತ್ತು ಬೇಸಿಗೆ ರಜೆ. ರಜೆ ಮುಗಿದ ಮೊದಲ ದಿನದ ಹಾಜರಿಯನ್ನು ರಜೆಗೆ ಮುಂಚಿನ ಕೊನೆಯ ದಿನದ ಜೊತೆ ಇಟ್ಟು ನೋಡಿ.

ಯಾರಾದರೂ ವರ್ಷದ ನಡುವೆ ಟಿಸಿ ಕೇಳಿದರೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಯಾವ ಊರು, ಯಾವ ಶಾಲೆ ಅಂತ ಬರೆದುಕೊಂಡು ಆ ಶಾಲೆಗೆ ಫೋನ್ ಮಾಡಿ. ಪ್ರತಿ ವಿದ್ಯಾರ್ಥಿಗೂ ಶಿಕ್ಷಣ ಇಲಾಖೆ ಕೊಡುವ ಸ್ಯಾಟ್ಸ್ ನಂಬರ್ ಇರುವುದರಿಂದ ಮಗು ಅಲ್ಲಿ ದಾಖಲಾಯಿತಾ ಅಂತ ನೋಡುವುದು ಕಷ್ಟವಲ್ಲ. ಸಂಸಾರ ಗುಳೆ ಹೋಗಲೇಬೇಕಾದರೆ, ಹೋಗುವ ಊರಿನ ಶಾಲೆ ಮಗುವನ್ನು ಸೇರಿಸಿಕೊಳ್ಳಲೇಬೇಕು ಅಂತ ತಂದೆತಾಯಿಗೆ ತಿಳಿಸಿ. ಟಿಸಿ ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ವಾಪಸ್ ಕಳಿಸುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕೆಲಸದ ಜಾಗದ ಹತ್ತಿರ ಟೆಂಟ್ ಶಾಲೆ ಇದೆಯಾ, ನಿಮ್ಮ ತಾಲ್ಲೂಕಿನಲ್ಲೇ ಹಂಗಾಮಿ ವಸತಿ ಶಾಲೆ ಇದೆಯಾ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ಹಂತ 4: ಮನೆ ಬಾಗಿಲಿಗೆ ಬಂದ 'ಒಳ್ಳೆ ಕೆಲಸ'ವನ್ನು ಪರೀಕ್ಷಿಸಿ

ಏಜೆಂಟನ ಮಾತು ಕೇಳಲು ತುಂಬಾ ಚೆನ್ನಾಗಿರುತ್ತದೆ. 'ಬೆಂಗಳೂರಲ್ಲಿ ದೊಡ್ಡ ಮನೆ. ಗಂಡ ಹೆಂಡತಿ ಇಬ್ಬರೂ ಡಾಕ್ಟರು. ಮಗು ಆಡಿಸಿಕೊಂಡಿದ್ದರೆ ಸಾಕು. ಸಂಜೆ ಅವರೇ ಸ್ಕೂಲಿಗೆ ಸೇರಿಸ್ತಾರೆ. ಮೊದಲ ತಿಂಗಳದ್ದು ಈಗಲೇ ಇಟ್ಕೊಳ್ಳಿ.' ಬಡತನದಲ್ಲಿ ಬೇಯುತ್ತಿರುವ ತಾಯಿ ಇದನ್ನು ನಂಬಿದರೆ ಅವಳನ್ನು ಬೈದು ಪ್ರಯೋಜನವಿಲ್ಲ. ಅವಳ ಕೈಗೆ ಪ್ರಶ್ನೆಗಳನ್ನು ಕೊಡಿ.

ಆ ಮನೆಯ ಅಥವಾ ಕಂಪನಿಯ ಪೂರ್ತಿ ವಿಳಾಸ ಕೊಡು, ನಾನೇ ಒಮ್ಮೆ ಬಂದು ನೋಡುತ್ತೇನೆ ಅನ್ನಲಿ. ಮಾಲೀಕರ ಜೊತೆ ಈಗಲೇ ಮಾತಾಡಿಸು ಅನ್ನಲಿ. ನಿನ್ನ ಆಧಾರ್ ಕಾರ್ಡಿನ ಫೋಟೋ ತೆಗೆದುಕೊಳ್ಳುತ್ತೇನೆ ಅನ್ನಲಿ. ಕಳೆದ ವರ್ಷ ನೀನು ಕರೆದುಕೊಂಡು ಹೋದವರ ಮನೆ ತೋರಿಸು ಅನ್ನಲಿ. ಸಂಬಳ ಯಾರ ಖಾತೆಗೆ, ಮಗು ದಿನಾ ಫೋನ್ ಮಾಡಬಹುದಾ, ಬೇಡ ಅನ್ನಿಸಿದ ದಿನ ವಾಪಸ್ ಬರಬಹುದಾ ಅಂತ ಕೇಳಲಿ. ಒಳ್ಳೆ ಉದ್ದೇಶ ಇರುವವರಿಗೆ ಈ ಪ್ರಶ್ನೆಗಳು ಭಾರವಲ್ಲ. ಕೆಟ್ಟ ಉದ್ದೇಶ ಇರುವವನು ಸಿಟ್ಟಾಗುತ್ತಾನೆ, ಇಲ್ಲವೇ 'ನಾಳೆನೇ ಹೊರಡಬೇಕು, ಬೇರೆಯವರು ಕಾಯ್ತಿದಾರೆ' ಅಂತ ಅವಸರ ಮಾಡುತ್ತಾನೆ. ಆ ಅವಸರವೇ ದೊಡ್ಡ ಸುಳಿವು.

ಇನ್ನು ಕೆಲವು ಗುರುತುಗಳು: 'ಯಾರಿಗೂ ಹೇಳಬೇಡಿ' ಅನ್ನುವುದು. ಮಗುವಿನ ಮೂಲ ದಾಖಲೆಗಳನ್ನು ಮೊದಲೇ ಕೇಳುವುದು. ಆಧಾರ್‌ನಲ್ಲಿ ಹುಟ್ಟಿದ ವರ್ಷ 'ಸರಿಮಾಡಿಸಿ' 18 ಮಾಡಿಕೊಡುತ್ತೇನೆ ಅನ್ನುವುದು. 14 ದಾಟದ ಮಗುವಿಗೆ ಕೆಲಸ ಅನ್ನುವುದೇ ಮೊದಲ ಅಪರಾಧ, ಉಳಿದದ್ದು ಕೇಳುವುದೇ ಬೇಡ.

ಮದುವೆಯ ಹೆಸರಲ್ಲಿ ಆಗುವ ಸಾಗಣೆ ಬಗ್ಗೆ ಒಂದು ಮಾತು. ದೂರದ ರಾಜ್ಯದ ವರ, ವರದಕ್ಷಿಣೆ ಬೇಡ, ಮದುವೆ ಖರ್ಚೆಲ್ಲ ಅವರದ್ದೇ, ಮೇಲೆ ಹುಡುಗಿಯ ಮನೆಗೆ ಒಂದಿಷ್ಟು ದುಡ್ಡು. ನಡುವೆ ಒಬ್ಬ ದಲ್ಲಾಳಿ. ಭಾಷೆ ಗೊತ್ತಿಲ್ಲದ ಊರಿಗೆ ಹೋದ ಹುಡುಗಿಗೆ ಫೋನೂ ಇರುವುದಿಲ್ಲ. ಹುಡುಗಿಗೆ 18 ಆಗಿಲ್ಲದಿದ್ದರೆ ಅದು ಬಾಲ್ಯವಿವಾಹ. ಕರ್ನಾಟಕದ ತಿದ್ದುಪಡಿ ಪ್ರಕಾರ ಅಂಥ ಮದುವೆ ಶುರುವಿನಿಂದಲೇ ಅಸಿಂಧು. ನಿಶ್ಚಿತಾರ್ಥದ ಸುದ್ದಿ ಕಿವಿಗೆ ಬಿದ್ದಾಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ. ಚಪ್ಪರ ಹಾಕಿದ ಮೇಲೆ ನಿಲ್ಲಿಸಿದರೆ ಮನೆಯವರಿಗೂ ನಷ್ಟ, ಹುಡುಗಿಗೂ ಊರವರ ಬಾಯಿ.

ಈಗ ಜಗಲಿಯ ಏಜೆಂಟನ ಜಾಗಕ್ಕೆ ಮೊಬೈಲೂ ಬಂದಿದೆ. ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದ 'ಅಣ್ಣ', ನಟನೆ ಅಥವಾ ಮಾಡೆಲಿಂಗ್ ಅವಕಾಶ, ಮನೆಯಲ್ಲಿ ಜಗಳ ಆದಾಗ 'ಇಲ್ಲಿಗೆ ಬಂದುಬಿಡು, ಕೆಲಸ ಕೊಡಿಸ್ತೀನಿ' ಅನ್ನುವ ಮೆಸೇಜು. ಮಗುವಿನ ಫೋನ್ ಕಸಿದುಕೊಂಡರೆ ಅದು ಗುಟ್ಟಾಗಿ ಇನ್ನೊಂದು ದಾರಿ ಹುಡುಕುತ್ತದೆ. ಯಾರ ಜೊತೆ ಮಾತಾಡುತ್ತಿದೆ ಅಂತ ಸಿಟ್ಟಿಲ್ಲದೆ ಕೇಳುವ ಅಭ್ಯಾಸ ಮನೆಯಲ್ಲಿರಲಿ.

ಹಂತ 5: ಮುಂಗಡದ ಗಂಟು ಬಿಡಿಸಿ

ಬುದ್ಧಿಮಾತಿನಿಂದ ಮುಂಗಡವನ್ನು ಸೋಲಿಸಲಾಗದು. ಮನೆಯಲ್ಲಿ ಅಕ್ಕಿ ಇಲ್ಲದಾಗ ಕೈಗೆ ಬಂದ ದುಡ್ಡು ಅದು. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಹತ್ತಿರದಿಂದ ನೋಡಿ. ಇಟ್ಟಿಗೆ ಭಟ್ಟಿಯಲ್ಲಿ ಕೂಲಿ ದಿನಕ್ಕಿಷ್ಟು ಅಂತಲ್ಲ, ಸಾವಿರ ಇಟ್ಟಿಗೆಗೆ ಇಷ್ಟು. ಲೆಕ್ಕ ಸಂಸಾರಕ್ಕೆ ಒಂದೇ. ಅಪ್ಪ ಮಣ್ಣು ಕಲಸಿ ಅಚ್ಚು ಹಾಕಿದರೆ, ಹಸಿ ಇಟ್ಟಿಗೆ ಒಣಗಲು ತಿರುವಿ ಹಾಕುವುದು ಮಕ್ಕಳ ಕೆಲಸ. ದೊಡ್ಡವರು ಕಾಲಿಟ್ಟರೆ ಹಸಿ ಇಟ್ಟಿಗೆ ಹಾಳಾಗುತ್ತದೆ, ಮಕ್ಕಳ ಭಾರ ಕಡಿಮೆ ಅನ್ನುವುದೇ ಕಾರಣ. ಕೂಲಿ ಪಟ್ಟಿಯಲ್ಲಿ ಮಗುವಿನ ಹೆಸರು ಎಲ್ಲೂ ಇರುವುದಿಲ್ಲ. ವಾರಕ್ಕೊಮ್ಮೆ ಖರ್ಚಿಗೆ ಒಂದಿಷ್ಟು ಕೊಟ್ಟು, ಉಳಿದದ್ದು ಮುಂಗಡಕ್ಕೆ ವಜಾ ಅನ್ನುತ್ತಾರೆ. ಹಂಗಾಮು ಮುಗಿದಾಗ ಮುಂಗಡ ತೀರಿರುವುದಿಲ್ಲ. ಮುಂದಿನ ವರ್ಷ ಮತ್ತೆ ಹೋಗಬೇಕು.

ಇದಕ್ಕೆ ಕಾನೂನಿನಲ್ಲಿ ಜೀತ ಅನ್ನುತ್ತಾರೆ. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಜೀತಕ್ಕೆ ಕಟ್ಟಿದ ಸಾಲ ಸತ್ತ ಸಾಲ. ಅದನ್ನು ವಸೂಲಿ ಮಾಡುವಂತಿಲ್ಲ. ಇದು ಗೊತ್ತಾದರೆ ಮುಂಗಡ ತೆಗೆದುಕೊಂಡ ಸಂಸಾರಕ್ಕೂ ಧೈರ್ಯ ಬರುತ್ತದೆ.

ದುಡ್ಡಿನ ಬದಲಿ ದಾರಿಗಳನ್ನು ನೀವೇ ಹಿಡಿದು ತೋರಿಸಬೇಕು. ಕಾಗದ ಪತ್ರ ಮಾಡಿಸಿಕೊಡುವುದು ಭಾಷಣಕ್ಕಿಂತ ದೊಡ್ಡ ಉಪಕಾರ. ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ತಾಯಿ ವಿಧವೆ ಅಥವಾ ಗಂಡ ಬಿಟ್ಟವಳಾಗಿದ್ದರೆ, ಮಗು ಅನಾಥವಾಗಿ ನೆಂಟರ ಮನೆಯಲ್ಲಿದ್ದರೆ, ತಂದೆತಾಯಿಗೆ ಜೀವಕ್ಕೆ ಅಪಾಯದ ಕಾಯಿಲೆ ಇದ್ದರೆ ಅರ್ಜಿ ಹಾಕಬಹುದು. ದುಡಿಮೆಯಿಂದ ಬಿಡಿಸಿದ ಮಕ್ಕಳಿಗೂ ಅವಕಾಶ ಇದೆ. ವರಮಾನದ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ರೂಪಾಯಿ. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಹಂತ 2ರಲ್ಲಿ ಮಾಡಿದ ಮನೆಗಳ ಪಟ್ಟಿ ಹಿಡಿದು, ಹಂಗಾಮಿಗೆ ಎರಡು ಮೂರು ತಿಂಗಳು ಮುಂಚೆಯೇ ಅರ್ಜಿ ಹಾಕಿಸಿ.

ಉಳಿದವು ನಿಮಗೆ ಗೊತ್ತಿರುವವೇ: ವಿದ್ಯಾರ್ಥಿನಿಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಸ್ತೂರ್‌ಬಾ ಬಾಲಿಕಾ ವಿದ್ಯಾಲಯ, ಉದ್ಯೋಗ ಖಾತರಿ ಕೆಲಸ, ಸ್ವಸಹಾಯ ಸಂಘದ ತುರ್ತು ಸಾಲ. ಸಂಘದಲ್ಲಿ 'ಮಗುವನ್ನು ಕೆಲಸಕ್ಕೆ ಕಳಿಸದಿರಲು' ಅಂತಲೇ ಒಂದು ಸಣ್ಣ ನಿಧಿ ಎತ್ತಿಟ್ಟರೆ ಏಜೆಂಟನ ಮೊದಲ ಕಂತಿಗೆ ಎದುರು ನಿಲ್ಲಬಹುದು.

ಹಂತ 6: ಮಕ್ಕಳಿಗೆ ಏನು ಹೇಳಿಕೊಡಬೇಕು?

ಹೆದರಿಸುವ ಕಥೆ ಬೇಡ. ನಾಲ್ಕು ವಿಷಯ ಸಾಕು. ಮನೆಯ ಒಂದು ಫೋನ್ ನಂಬರ್, ಊರು, ತಾಲ್ಲೂಕು, ಜಿಲ್ಲೆ ಬಾಯಿಗೆ ಬರಬೇಕು. ಫೋನಿನಲ್ಲಿ ಸೇವ್ ಆಗಿದ್ದರೆ ಸಾಲದು, ಫೋನು ಮೊದಲು ಕಸಿಯುವ ವಸ್ತು. 1098 ಮಕ್ಕಳ ಸಹಾಯವಾಣಿ ಅಂತ ಗೊತ್ತಿರಬೇಕು. ಹಗಲು ರಾತ್ರಿ, ದುಡ್ಡಿಲ್ಲದೆ ಕರೆ ಹೋಗುತ್ತದೆ. 'ಅಮ್ಮನಿಗೆ ಹೇಳಬೇಡ' ಅಂತ ದೊಡ್ಡವರು ಯಾರಾದರೂ ಅಂದರೆ ಮೊದಲು ಹೇಳಬೇಕಾದ್ದು ಅದನ್ನೇ ಅಂತ ಕಲಿಸಿ. ಮತ್ತು ತಾನು ಸಿಕ್ಕಿಬಿದ್ದರೆ ಬಸ್ ಕಂಡಕ್ಟರ್, ಸಮವಸ್ತ್ರದ ಪೊಲೀಸ್, ಟಿಕೆಟ್ ಕೌಂಟರಿನವರು, ಮಗು ಎತ್ತಿಕೊಂಡಿರುವ ಹೆಂಗಸು, ಇವರ ಹತ್ತಿರ ಜೋರಾಗಿ ಸಹಾಯ ಕೇಳಬಹುದು ಅಂತ.

ಹಂತ 7: ಮಗು ಹೊರಟಿದೆ ಅಥವಾ ಕಾಣೆಯಾಗಿದೆ

ಬಸ್ ನಿಲ್ದಾಣದಲ್ಲಿ ಒಬ್ಬ ದೊಡ್ಡವನ ಜೊತೆ ಸಂಬಂಧವೇ ಇಲ್ಲದಂತೆ ಕಾಣುವ ನಾಲ್ಕೈದು ಮಕ್ಕಳು. ಟಿಕೆಟ್, ದಾಖಲೆ ಎಲ್ಲ ಅವನ ಕೈಯಲ್ಲಿ. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಮಕ್ಕಳಿಗೆ ಗೊತ್ತಿಲ್ಲ, ಅಥವಾ ಎಲ್ಲರೂ ಒಂದೇ ವಾಕ್ಯ ಒಪ್ಪಿಸುತ್ತಾರೆ. ಇಂಥದ್ದು ಕಂಡರೆ 112 ಅಥವಾ 1098ಕ್ಕೆ ಕರೆ ಮಾಡಿ. ರೈಲಿನಲ್ಲಾದರೆ 139. ರೈಲಿನ ನಂಬರು, ಬೋಗಿ, ಮುಂದಿನ ನಿಲ್ದಾಣ ಹೇಳಿ. ನೀವೇ ಅವನನ್ನು ಹಿಡಿದು ಗುಂಪು ಸೇರಿಸಬೇಡಿ. ಮುರ್ಕಿಯಲ್ಲಿ ಆದದ್ದು ಎಲ್ಲೂ ಮತ್ತೆ ಆಗಬಾರದು. ಅವನು ಮಕ್ಕಳ ನಿಜವಾದ ಮಾವನೂ ಆಗಿರಬಹುದು. ಅದನ್ನು ವಿಚಾರಿಸುವುದು ಪೊಲೀಸರ ಕೆಲಸ.

ಮಗು ಕಾಣೆಯಾದರೆ 24 ಗಂಟೆ ಕಾಯಬೇಕು ಅನ್ನುವುದು ಸುಳ್ಳು. ಕಾಣೆಯಾದ ಮಗುವಿನ ದೂರನ್ನು ಎಫ್‌ಐಆರ್ ಆಗಿಯೇ ದಾಖಲಿಸಬೇಕು, ಅಪಹರಣ ಅಥವಾ ಸಾಗಣೆ ಅಂತ ಭಾವಿಸಿಯೇ ತನಿಖೆ ಶುರು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2013ರ ಮೇನಲ್ಲಿ ಹೇಳಿದೆ. 'ನಮ್ಮ ಸರಹದ್ದಲ್ಲ' ಅಂತ ವಾಪಸ್ ಕಳಿಸುವಂತೆಯೂ ಇಲ್ಲ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಮಾಡಬಹುದು. ಇತ್ತೀಚಿನ ಫೋಟೋ, ತೊಟ್ಟಿದ್ದ ಬಟ್ಟೆ, ಮೈಮೇಲಿನ ಗುರುತು, ಮಗುವಿನ ಫೋನ್ ಮತ್ತು ಸೋಶಿಯಲ್ ಮೀಡಿಯಾ ಖಾತೆಯ ಹೆಸರು, ಕೊನೆಗೆ ಮಾತಾಡಿದವರ ನಂಬರ್ ಕೊಡಿ. ಎಫ್‌ಐಆರ್ ಪ್ರತಿ ಉಚಿತ. ಕೇಳಿ ಪಡೆಯಿರಿ. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಪ್ರಕರಣ ಮಾನವ ಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಆ ದಿನವನ್ನು ಬರೆದಿಟ್ಟುಕೊಂಡು ನೀವೇ ನೆನಪಿಸಿ.

ಹಂತ 8: ದುಡಿಯುತ್ತಿರುವ ಮಗು ಕಣ್ಣಿಗೆ ಬಿದ್ದರೆ

ಮಾಲೀಕನ ಹತ್ತಿರ ಹೋಗಿ ಜಗಳ ಮಾಡಬೇಡಿ. ಸಿಟ್ಟು ಬರುವುದು ಸಹಜ. ಆದರೆ ನೀವು ಮಾತಾಡಿ ಹೋದ ಅರ್ಧ ಗಂಟೆಯಲ್ಲಿ ಮಗುವನ್ನು ಬೇರೆ ಕಡೆ ಸಾಗಿಸಿಬಿಡುತ್ತಾರೆ. ಸುಮ್ನೆ ನೋಡಿ. ಎಷ್ಟು ಮಕ್ಕಳು, ಸುಮಾರು ವಯಸ್ಸು, ಏನು ಕೆಲಸ, ಎಷ್ಟು ಗಂಟೆಗೆ ಕಾಣುತ್ತಾರೆ, ರಾತ್ರಿ ಅಲ್ಲೇ ಮಲಗುತ್ತಾರಾ, ಹಿಂಬಾಗಿಲು ಇದೆಯಾ, ಮೈಮೇಲೆ ಗಾಯ ಇದೆಯಾ.

ಆಮೇಲೆ 1098ಕ್ಕೆ ಕರೆ ಮಾಡಿ. ಹೀಗೆ ಹೇಳಬಹುದು: 'ಇಂಥ ರಸ್ತೆಯಲ್ಲಿ, ಇಂಥ ಗುರುತಿನ ಪಕ್ಕದ ಹೋಟೆಲಿನಲ್ಲಿ ಇಬ್ಬರು ಹುಡುಗರು ತಟ್ಟೆ ತೊಳೆಯುತ್ತಿದ್ದಾರೆ. ಹನ್ನೊಂದು, ಹನ್ನೆರಡು ವರ್ಷ ಇರಬಹುದು. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಅಲ್ಲೇ ಇರುತ್ತಾರೆ. ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ. ನನ್ನ ಹೆಸರು ಗುಟ್ಟಾಗಿರಲಿ.' ಇಷ್ಟು ಸಾಕು. ಹೆಸರು ಹೇಳದೆಯೂ ದೂರು ಕೊಡಬಹುದು. ಕರೆಯ ಸಮಯ ಬರೆದುಕೊಳ್ಳಿ. ಎರಡು ದಿನದಲ್ಲಿ ಏನೂ ಆಗದಿದ್ದರೆ ಕೇಂದ್ರ ಕಾರ್ಮಿಕ ಸಚಿವಾಲಯದ ಪೆನ್ಸಿಲ್ ಪೋರ್ಟಲ್‌ನಲ್ಲಿ ದೂರು ಹಾಕಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೆದು ಕೊಟ್ಟದ್ದಕ್ಕೆ ಇರುವ ತೂಕ ಬಾಯಿಮಾತಿಗಿಲ್ಲ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸಲೇಬೇಕು.

ಮಗುವಿನ ಫೋಟೋ, ವಿಡಿಯೋ ಸ್ಟೇಟಸ್‌ಗೆ ಹಾಕಬೇಡಿ. ಮುಖ ಮಸುಕು ಮಾಡಿದರೂ ಊರು, ಶಾಲೆ, ತಂದೆ ಹೆಸರು ಹೊರಬಿದ್ದರೆ ಗುರುತು ಸಿಕ್ಕ ಹಾಗೇ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಬೀಳಬಹುದು. ಫೋಟೋ ಇದ್ದರೆ ಅಧಿಕಾರಿಗೆ ಕೊಡಿ, ಅಷ್ಟೇ.

ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಗಮನಿಸಿ. ಗ್ಯಾರೇಜಿನ ಹುಡುಗ ಕಣ್ಣಿಗೆ ಕಾಣುತ್ತಾನೆ, ಮನೆಯೊಳಗಿನ ಹುಡುಗಿ ಕಾಣುವುದಿಲ್ಲ. ಮನೆಗೆಲಸ ಮತ್ತು ಹೋಟೆಲ್ ಕೆಲಸಕ್ಕೆ 14 ತುಂಬದವರನ್ನು ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷೇಧ. ಶಾಲೆಗೆ ಹೋಗದ, ಲಿಫ್ಟಿನಲ್ಲಿ ಒಂಟಿಯಾಗಿ ಎಂದೂ ಕಾಣದ, ಬಾಲ್ಕನಿಯಲ್ಲಿ ಮಾತ್ರ ಕಾಣುವ ಹುಡುಗಿ ಪಕ್ಕದ ಫ್ಲ್ಯಾಟಿನಲ್ಲಿದ್ದರೆ 'ಅವರ ಮನೆ ವಿಷಯ' ಅಂತ ಸುಮ್ಮನಿರಬೇಡಿ.

ಹಂತ 9: ಬಿಡಿಸಿದ ಮೇಲೆ

ಬಿಡಿಸಿದ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಗೆ ಕಳಿಸಬೇಕಾ, ಬಾಲಮಂದಿರದಲ್ಲಿ ಇಡಬೇಕಾ ಅಂತ ತೀರ್ಮಾನಿಸುವುದು ಆ ಸಮಿತಿ. ಮನೆಯವರೇ ಮಾರಿದ್ದರೆ ನೇರ ಮನೆಗೆ ಕಳಿಸುವುದು ಅಪಾಯ. ಅದನ್ನು ಸಮಿತಿಗೆ ಹೇಳಬೇಕಾದವರು ಊರನ್ನು ಬಲ್ಲ ನೀವೇ.

ವಯಸ್ಸಿನ ಜಗಳ ಇಲ್ಲಿ ಬರುತ್ತದೆ. ಮಾಲೀಕ 18 ಎಂದಿರುವ ಆಧಾರ್ ತೋರಿಸುತ್ತಾನೆ. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೊದಲು ನೋಡಬೇಕಾದದ್ದು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಊರಿನ ಹೆಡ್‌ಮಾಸ್ಟರ್ ಅದೇ ದಿನ ದಾಖಲೆ ಕಳಿಸಿಕೊಟ್ಟರೆ ಇಡೀ ಪ್ರಕರಣ ಗಟ್ಟಿಯಾಗುತ್ತದೆ.

ದುಡ್ಡಿನ ವಿಷಯ ಯಾರೂ ತಾವಾಗಿ ಹೇಳುವುದಿಲ್ಲ, ಕೇಳಬೇಕು. ಬಾಕಿ ಕೂಲಿ ಮಗುವಿಗೆ ಬರಬೇಕು. 1996ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮಾಲೀಕ ಪ್ರತಿ ಮಗುವಿಗೆ 20,000 ರೂಪಾಯಿ ಕಟ್ಟಬೇಕು. 2016ರ ತಿದ್ದುಪಡಿಯ ಪುನರ್ವಸತಿ ನಿಧಿಗೆ ಸರ್ಕಾರ ಪ್ರತಿ ಮಗುವಿನ ಲೆಕ್ಕದಲ್ಲಿ 15,000 ಸೇರಿಸಬೇಕು. ಮುಂಗಡ, ಕೂಡಿಹಾಕುವುದು, ಕೂಲಿ ಕೊಡದಿರುವುದು ಕಂಡುಬಂದರೆ ಜೀತ ಅಂತ ದಾಖಲಿಸಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಯಿಂದ ಬಿಡುಗಡೆ ಪತ್ರ ಪಡೆಯಿರಿ. ಅದು ಕೈಯಲ್ಲಿದ್ದರೆ ತಕ್ಷಣದ ನೆರವು 30,000 ರೂಪಾಯಿವರೆಗೆ ಸಿಗುತ್ತದೆ. ಬಲವಂತದ ದುಡಿಮೆಗೆ ಸಿಕ್ಕ ಮಕ್ಕಳಿಗೆ ಒಟ್ಟು ಪುನರ್ವಸತಿ ನೆರವು ಎರಡು ಲಕ್ಷ, ತೀರಾ ಕ್ರೂರ ಸಾಗಣೆ ಪ್ರಕರಣಗಳಲ್ಲಿ ಮೂರು ಲಕ್ಷ.

ಪ್ರಕರಣ ನಡೆಯುವಾಗ ಮಾಲೀಕನ ಕಡೆಯವರು ರಾಜಿಗೆ ಬರುತ್ತಾರೆ. ಊರಿನ ಹಿರಿಯರನ್ನೇ ಮುಂದೆ ಮಾಡಿಕೊಂಡು ಬರುತ್ತಾರೆ. ಆಗ ಸಂಸಾರ ಒಂಟಿಯಾಗಿರಬಾರದು. ಮಕ್ಕಳಿಗೆ ಮತ್ತು ಸಾಗಣೆಗೆ ಒಳಗಾದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. 15100ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಸಂತ್ರಸ್ತರ ಪರಿಹಾರಕ್ಕೂ ಅಲ್ಲೇ ಅರ್ಜಿ.

ಮಗು ಶಾಲೆಗೆ ವಾಪಸ್ ಬಂದಾಗ ಓರಗೆಯ ಮಕ್ಕಳು ಎರಡು ಕ್ಲಾಸು ಮುಂದಿರುತ್ತಾರೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಹದಿಮೂರರ ಹುಡುಗನನ್ನು ಮೂರನೇ ಕ್ಲಾಸಿನ ಬೆಂಚಿನಲ್ಲಿ ಕೂರಿಸಿದರೆ ಅವನು ಒಂದು ವಾರವೂ ನಿಲ್ಲುವುದಿಲ್ಲ. ಮೊದಲ ತಿಂಗಳು ವಾರಕ್ಕೊಮ್ಮೆ ಮನೆಗೆ ಹೋಗಿ, ಆಮೇಲೆ ತಿಂಗಳಿಗೊಮ್ಮೆ. ಮುಂದಿನ ಹಂಗಾಮು ಶುರುವಾಗುವ ತಿಂಗಳಲ್ಲಿ ಮಾತ್ರ ಮತ್ತೆ ವಾರಕ್ಕೊಮ್ಮೆ. ಅದೇ ಮೇಸ್ತ್ರಿ ಅದೇ ಮನೆಗೆ ಬರುವುದು ಆ ತಿಂಗಳಲ್ಲೇ.